ಅಟ್ಟ ಸೇರಿದ ಕಂಪ್ಯೂಟರು ಮತ್ತು ಅದರೊಳಗಿನ ಕನ್ನಡ

ದೊಡ್ಡ ಸಂಸ್ಥೆಗಳ ತಂಪು ಕೋಣೆಗಳಲ್ಲಿ ತಜ್ಞರ ಕೈಯಲ್ಲಷ್ಟೇ ಇದ್ದ ಗಣಕಯಂತ್ರವು ಒಬ್ಬ ವ್ಯಕ್ತಿ ತನ್ನ ಮೇಜಿನ ಮೇಲಿಟ್ಟು ತಾನೇ ನಡೆಸಬಹುದಾದ ವೈಯಕ್ತಿಕ ಕಂಪ್ಯೂಟರಾಗಿ ರೂಪಾಂತರಗೊಂಡು ಈಗ ಅರ್ಧ ಶತಮಾನ ಸಂದಿದೆ. 1975ರಲ್ಲಿ ಅಮೆರಿಕದಲ್ಲಿ ಬಿಡಿಭಾಗಗಳ ಪೊಟ್ಟಣವಾಗಿ ಮಾರಾಟಕ್ಕೆ ಬಂದ ಆಲ್ಟೇರ್ 8800, 1977ರ ಆಪಲ್ 2, 1981ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಐಬಿಎಂ ಪಿಸಿ, 1982ರ ಸಿಂಕ್ಲೇರ್ ಸ್ಪೆಕ್ಟ್ರಮ್ ಮೊದಲಾದ ಯಂತ್ರಗಳು ಇಂದು ಅಮೆರಿಕ, ಬ್ರಿಟನ್‌ಗಳಲ್ಲಿ ನಾಣ್ಯ, ಅಂಚೆಚೀಟಿಗಳಷ್ಟೇ ಆಸಕ್ತಿಯಿಂದ ಸಂಗ್ರಹವಾಗುತ್ತಿವೆ. 1976ರಲ್ಲಿ ಸುಮಾರು 200ರಷ್ಟು ಮಾತ್ರ ತಯಾರಾಗಿದ್ದ ಆಪಲ್ 1ರ ಒಂದು ಪ್ರತಿ 2014ರ ಹರಾಜಿನಲ್ಲಿ 9 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಹೆನ್ರಿ ಫೋರ್ಡ್ ಹೆಸರಿನ ವಸ್ತುಸಂಗ್ರಹಾಲಯದ ಪಾಲಾಯಿತು. ಮೂಡುಬಿದಿರೆ–ಕಾರ್ಕಳ ರಸ್ತೆಯ ಬೆಳುವಾಯಿಯಲ್ಲಾಗಲಿ, ಬಂಟ್ವಾಳ, ಬೆಳ್ತಂಗಡಿಯ ಊರುಗಳಲ್ಲಾಗಲಿ ಮನೆಯ ಅಟ್ಟದಲ್ಲೋ ಶಾಲೆಯ ಉಗ್ರಾಣದಲ್ಲೋ ಉಳಿದಿರಬಹುದಾದ ಹಳೆಯ ಕಂಪ್ಯೂಟರಿಗೆ ಅಂಥ ಹರಾಜಿನ ಬೆಲೆ ಬರಲಾರದು. ಆದರೆ ಕನ್ನಡವು ಮೊಳೆಯಚ್ಚಿನಿಂದ ಪರದೆಗೆ ದಾಟಿದ ಎರಡು ದಶಕಗಳ ಬರಹ ಇಂಥ ಯಂತ್ರಗಳ ಒಳಗೂ ಅವುಗಳ ಜೊತೆಗಿದ್ದ ಫ್ಲಾಪಿ ತಟ್ಟೆಗಳಲ್ಲಿಯೂ ಇರುವುದರಿಂದ, ಅವುಗಳ ಸಂರಕ್ಷಣೆ ಇಲ್ಲಿ ಹವ್ಯಾಸದ ಪ್ರಶ್ನೆಯಾಗುವುದಕ್ಕಿಂತ ಮೊದಲು ಭಾಷೆಯ ಪ್ರಶ್ನೆಯಾಗುತ್ತದೆ.

ಯಂತ್ರಗಳು ಬಂದ ದಾರಿ

ಭಾರತದ ವೈಯಕ್ತಿಕ ಕಂಪ್ಯೂಟರುಗಳ ಚರಿತ್ರೆಯು ಪಶ್ಚಿಮದ ಚರಿತ್ರೆಯ ತಡವಾದ ನಕಲು ಅಲ್ಲ. ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯಡಿ ಷೇರು ಪಾಲನ್ನು ತಗ್ಗಿಸಲು ಒಪ್ಪದ ಐಬಿಎಂ 1978ರಲ್ಲಿ ದೇಶದಿಂದ ನಿರ್ಗಮಿಸಿದ ಬಳಿಕ ತೆರವಾದ ಜಾಗವನ್ನು ದೇಶೀಯ ಸಂಸ್ಥೆಗಳು ತುಂಬಿದವು. ದೆಹಲಿಯ ಕಡೆಯಲ್ಲಿ ಎಚ್‌ಸಿಎಲ್, ಬೆಂಗಳೂರಿನಲ್ಲಿ ಪಿಎಸ್‌ಐ ಡೇಟಾ ಸಿಸ್ಟಮ್ಸ್ ಮತ್ತು ವಿಪ್ರೊ ತಮ್ಮದೇ ವಿನ್ಯಾಸದ ಯಂತ್ರಗಳನ್ನು ಕಟ್ಟಿದವು. ಆಮದು ಸುಂಕ ಭಾರವಾಗಿದ್ದ ಆ ಕಾಲದಲ್ಲಿ ಯಂತ್ರದ ಪೆಟ್ಟಿಗೆ, ವಿದ್ಯುತ್ ಸರಬರಾಜು ಘಟಕ, ಕೆಲವೊಮ್ಮೆ ಕಾರ್ಯಾಚರಣೆಯ ತಂತ್ರಾಂಶವೂ ಇಲ್ಲಿಯದೇ ಆಗಿರುತ್ತಿದ್ದುದರಿಂದ, ಈ ಯಂತ್ರಗಳ ಹಲವು ಬಿಡಿಭಾಗಗಳಿಗೆ ಬೇರೆ ದೇಶದ ಯಂತ್ರಗಳಲ್ಲಿ ಜೋಡಿ ಸಿಗುವುದಿಲ್ಲ. ಒಂದು ನಾಶವಾದರೆ ಅದರ ಬಗೆಗಿನ ತಿಳಿವಳಿಕೆಯೂ ಅದರೊಂದಿಗೆ ನಾಶವಾಗುತ್ತದೆ.

1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿಯು ಆಮದನ್ನು ಸಡಿಲಗೊಳಿಸಿದ ಮೇಲೆ ಐಬಿಎಂ ಪಿಸಿಗೆ ಹೊಂದುವ ಯಂತ್ರಗಳು, ಎಂದರೆ ಅದೇ ತಂತ್ರಾಂಶವನ್ನು ಯಾವ ಮಾರ್ಪಾಡೂ ಇಲ್ಲದೆ ನಡೆಸಬಲ್ಲ ಬೇರೆ ತಯಾರಕರ ಯಂತ್ರಗಳು, ಸಣ್ಣ ಪಟ್ಟಣಗಳನ್ನೂ ತಲುಪತೊಡಗಿದವು. ಎಚ್‌ಸಿಎಲ್‌ನ ಬಿಸಿಬೀ ಇವುಗಳಲ್ಲಿ ಹೆಸರಾದದ್ದು. ಅದೇ ವೇಳೆಗೆ ಆರಂಭವಾದ ‘ಕ್ಲಾಸ್’ ಎಂಬ ಕೇಂದ್ರ ಸರ್ಕಾರದ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯ ಮೂಲಕ, ಬ್ರಿಟನ್ನಿನ ಏಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೊ ಎಂಬ 32 ಕಿಲೊಬೈಟ್ ಸ್ಮೃತಿಯ ಯಂತ್ರವು ಭಾರತದ ಆಯ್ದ ಪ್ರೌಢಶಾಲೆಗಳನ್ನು ಸೇರಿತು. ಮುಂದೆ ಚಂಡೀಗಡ ಸಮೀಪದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಇಲ್ಲಿಯೇ ಜೋಡಿಸಿತು. ಪುಣೆಯ ಡೆಸಿಬೆಲ್ಸ್ ಸಂಸ್ಥೆಯು ಸಿಂಕ್ಲೇರ್ ಸ್ಪೆಕ್ಟ್ರಮ್‌ನ ಭಾರತೀಯ ರೂಪವನ್ನು ಮಾರುಕಟ್ಟೆಗೆ ತಂದಿತು. ಬ್ಯಾಂಕುಗಳಲ್ಲಿ, 1984ರ ರಂಗರಾಜನ್ ಸಮಿತಿಯ ವರದಿಯನ್ನು ಅನುಸರಿಸಿ, ಲೆಡ್ಜರ್ ಬರೆಯುವ ಕೆಲಸಕ್ಕೆಂದೇ ಮೀಸಲಾದ ಯಂತ್ರಗಳು ಬಂದವು. ಹಲವು ಬ್ಯಾಂಕುಗಳ ತವರಾದ ದಕ್ಷಿಣ ಕನ್ನಡದಲ್ಲಿ ಸಾಮಾನ್ಯ ಜನರು ಕಂಪ್ಯೂಟರನ್ನು ಮೊದಲು ಕಂಡದ್ದು ಬಹುಮಟ್ಟಿಗೆ ಬ್ಯಾಂಕಿನ ಕೌಂಟರಿನ ಹಿಂದೆ, ಆ ಬಳಿಕ ಪೇಟೆಯ ತರಬೇತಿ ಕೇಂದ್ರದಲ್ಲಿ. ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ಮೂರು ಹೆಸರುಗಳನ್ನು ಬಲ್ಲವರಿಗೆ ಅಲ್ಲಿ ಉದ್ಯೋಗದ ಭರವಸೆ ಇತ್ತು. ಮೂರನೆಯದಾಗಿ ಕಂಡ ಎಡೆ ಡಿಟಿಪಿ ಕೇಂದ್ರ, ಎಂದರೆ ಮದುವೆಯ ಕರೆಯೋಲೆಯಿಂದ ಪುಸ್ತಕದವರೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಮುದ್ರಣಕ್ಕೆ ಅಣಿಗೊಳಿಸುವ ಅಂಗಡಿ. ಕನ್ನಡದ ದೃಷ್ಟಿಯಿಂದ ಮಹತ್ವ ಪಡೆಯುವುದು ಈ ಮೂರನೆಯದು.

ಪರದೆಗೆ ಕನ್ನಡ ಬಂದ ಬಗೆ

ಇಂಗ್ಲಿಷಿನ 26 ಅಕ್ಷರಗಳಿಗೆಂದು ರೂಪುಗೊಂಡ ಯಂತ್ರದಲ್ಲಿ, ಗುಣಿತಾಕ್ಷರ ಮತ್ತು ಒತ್ತಕ್ಷರಗಳ ಕೂಡಿಕೆಯಿಂದ ಸಾವಿರಾರು ಆಕೃತಿಗಳನ್ನು ಪಡೆಯುವ ಕನ್ನಡವನ್ನು ಕೂರಿಸುವುದಕ್ಕೆ ಎರಡು ಭಿನ್ನ ಮಾರ್ಗಗಳು ಹುಟ್ಟಿಕೊಂಡವು. ಮೊದಲನೆಯ ಮಾರ್ಗ ಅಕ್ಷರದ ಉಚ್ಚಾರಣೆಯನ್ನು ಹಿಡಿದದ್ದು. ಐಐಟಿ ಕಾನ್ಪುರದಲ್ಲಿ ಮೊಳೆತು, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವು ಯಂತ್ರದೊಳಗೆ ಸಿಕ್ಕಿಸುವ ಒಂದು ಕಾರ್ಡಿನ ರೂಪದಲ್ಲಿತ್ತು. ಡಾಸ್ ಎಂಬ ಅಕ್ಷರಪ್ರಧಾನ ಕಾರ್ಯಾಚರಣಾ ವ್ಯವಸ್ಥೆಯ ಪರದೆಯ ಮೇಲೆ ಆ ಕಾರ್ಡು ಭಾರತೀಯ ಲಿಪಿಗಳನ್ನು ಮೂಡಿಸುತ್ತಿತ್ತು. ಅದರ ಹಿಂದಿನ ಸಂಕೇತ ಪದ್ಧತಿ 1991ರಲ್ಲಿ ‘ಇಸ್ಕಿ’ ಎಂಬ ಭಾರತೀಯ ಮಾನಕವಾಯಿತು. ಸಂಕೇತ ಪದ್ಧತಿ ಎಂದರೆ ಯಾವ ಅಕ್ಷರವನ್ನು ಯಂತ್ರ ಯಾವ ಸಂಖ್ಯೆಯಾಗಿ ನೆನಪಿಟ್ಟುಕೊಳ್ಳಬೇಕು ಎಂಬ ಒಪ್ಪಂದ; ಇಸ್ಕಿಯಲ್ಲಿ ಕನ್ನಡದ ‘ಕ’ಕ್ಕೂ ದೇವನಾಗರಿಯ ‘ಕ’ಕ್ಕೂ ಒಂದೇ ಸಂಖ್ಯೆ.

ಎರಡನೆಯ ಮಾರ್ಗ ಅಕ್ಷರದ ಆಕೃತಿಯನ್ನು ಹಿಡಿದದ್ದು. ವಿಂಡೋಸ್ ಬಂದ ಮೇಲೆ ಡಿಟಿಪಿ ಕೇಂದ್ರಗಳಲ್ಲಿ ಪೇಜ್‌ಮೇಕರ್‌ನಂಥ ಪುಟವಿನ್ಯಾಸ ತಂತ್ರಾಂಶಗಳ ಜೊತೆಗೆ ಬಳಕೆಯಾದ ಕನ್ನಡ ಫಾಂಟುಗಳು, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ 256 ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು, ಎಂದರೆ ತಲೆಕಟ್ಟು, ಕೊಂಬು, ಒತ್ತು, ದೀರ್ಘಗಳನ್ನು, ತುಂಬಿಕೊಂಡಿದ್ದವು. ಯಾವ ತುಂಡು ಯಾವ ಮನೆಯಲ್ಲಿ ಎಂಬುದನ್ನು ಪ್ರತಿಯೊಂದು ತಂತ್ರಾಂಶ ಸಂಸ್ಥೆಯೂ ತನ್ನಿಚ್ಛೆಯಂತೆ ನಿರ್ಧರಿಸಿತು. ಬೆಂಗಳೂರಿನ ಆಕೃತಿ, ಪುಣೆಯ ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಬಿಡುಗಡೆ ಮಾಡಿದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದವು ಕನ್ನಡಿಗರ ಬರವಣಿಗೆಯನ್ನು ಹೊತ್ತು ನಡೆದ ತಂತ್ರಾಂಶಗಳು. ಆದರೆ ಒಂದರಲ್ಲಿ ಜೋಡಿಸಿದ ಪಠ್ಯವನ್ನು ಇನ್ನೊಂದರ ಫಾಂಟಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಕನ್ನಡಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿ 1991ರಲ್ಲಿಯೇ ಪ್ರಕಟವಾಗಿದ್ದರೂ, ವಿಂಡೋಸ್‌ನಲ್ಲಿ ಅದರ ಕನ್ನಡವು ‘ತುಂಗಾ’ ಫಾಂಟಿನೊಂದಿಗೆ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಆದ್ದರಿಂದ ಅದಕ್ಕೆ ಮೊದಲಿನ ಕನ್ನಡದ ಗಣಕ ಬರಹ ಬಹುಮಟ್ಟಿಗೆ ಇಂದಿನ ಯಂತ್ರಕ್ಕೆ ನೇರವಾಗಿ ಓದಲಾಗದ ರೂಪದಲ್ಲಿದೆ.

ಈ ಚರಿತ್ರೆಯ ಮುಖ್ಯ ವ್ಯಕ್ತಿಯೊಬ್ಬರು ತುಳುನಾಡಿನವರೇ ಎಂಬುದು ಇಲ್ಲಿ ನೆನೆಯತಕ್ಕದ್ದು. ಮಂಗಳೂರು ಸಮೀಪದ ಕಿನ್ನಿಕಂಬಳದಲ್ಲಿ ಹುಟ್ಟಿದ ಕಿನ್ನಿಕಂಬಳ ಪದ್ಮನಾಭ ರಾವ್, ಎಂದರೆ ಕೆ.ಪಿ. ರಾವ್, ಟಾಟಾ ಪ್ರೆಸ್ ಮತ್ತು ಮೊನೋಟೈಪ್‌ಗಳಲ್ಲಿ ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ದುಡಿದು, ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡದ ಎಲ್ಲ ಮೂಲಾಕ್ಷರಗಳನ್ನು ಉಚ್ಚಾರಣೆಯ ಸಾಮ್ಯದಿಂದ ಹೊಂದಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಒತ್ತಕ್ಷರಕ್ಕೆ ಒಂದು ಕೂಡಿಸುವ ಕೀಲಿಯನ್ನು ಇಟ್ಟ ಈ ವಿನ್ಯಾಸದ ತಳಹದಿಯ ಮೇಲೆಯೇ ಕರ್ನಾಟಕ ಸರ್ಕಾರ ಅಂಗೀಕರಿಸಿದ ಶಿಷ್ಟ ಕೀಲಿಮಣೆ ನಿಂತಿದೆ. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದು ಹೆಸರಿಟ್ಟು ಅದನ್ನು ಉಚಿತವಾಗಿ ಹಂಚಿದರು. ಆ ತಂತ್ರಾಂಶವು ಅದು ಹುಟ್ಟಿದ ಕಾಲದ ಯಂತ್ರದ ಮೇಲೆ, ಆ ಕಾಲದ ಪರದೆ ಮತ್ತು ಮುದ್ರಕದೊಂದಿಗೆ ನಡೆಯುವುದನ್ನು ಇಂದಿನ ವಿದ್ಯಾರ್ಥಿ ನೋಡುವಂತಾದರೆ, ಕನ್ನಡ ಲಿಪಿಯ ಚರಿತ್ರೆಯ ಒಂದು ಅಧ್ಯಾಯ ಪುಸ್ತಕದ ಹೊರಗೆ ಅವನಿಗೆ ಸಿಕ್ಕಂತಾಗುತ್ತದೆ.

ಮಳೆ, ಸಿಡಿಲು ಮತ್ತು ಒರಲೆ

ಹಳೆಯ ಕಂಪ್ಯೂಟರುಗಳ ಸಂರಕ್ಷಣೆಯ ಕುರಿತ ಕೈಪಿಡಿಗಳು ಬಹುತೇಕ ಒಣ ಮತ್ತು ತಂಪು ಹವೆಯ ದೇಶಗಳಲ್ಲಿ ರೂಪುಗೊಂಡಿವೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಆಟಿಯ ತಿಂಗಳಲ್ಲಿ ಗೋಡೆಯೂ ಬೆವರುವ ಈ ಸೀಮೆಯಲ್ಲಿ ಅದೇ ಯಂತ್ರ ಬೇರೆಯೇ ರೀತಿಯಲ್ಲಿ ಹಾಳಾಗುತ್ತದೆ.

ಮೊದಲ ಶತ್ರು ಯಂತ್ರದ ಒಳಗೇ ಇದೆ. 286, 386 ಮತ್ತು ಆರಂಭದ 486 ಪ್ರೊಸೆಸರ್‌ಗಳ ತಲೆಮಾರಿನ ಮದರ್‌ಬೋರ್ಡುಗಳಲ್ಲಿ, ವಿದ್ಯುತ್ ಇಲ್ಲದಾಗಲೂ ದಿನಾಂಕ ಮತ್ತು ಹೊಂದಿಕೆಗಳನ್ನು ನೆನಪಿಡುವುದಕ್ಕಾಗಿ ಬೆಸುಗೆ ಹಾಕಿ ಕೂರಿಸಿದ 3.6 ವೋಲ್ಟಿನ ನಿಕಲ್–ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದರಿಂದ ಸೋರುವ ಕ್ಷಾರವು ಮದರ್‌ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಹವೆಯ ತೇವಾಂಶವು ಆ ತಿನ್ನುವಿಕೆಯನ್ನು ಚುರುಕುಗೊಳಿಸುತ್ತದೆ. ಆದ್ದರಿಂದ ಅಟ್ಟದಿಂದ ಇಳಿಸಿದ ಯಂತ್ರಕ್ಕೆ ಮಾಡಬೇಕಾದ ಮೊದಲ ಕೆಲಸವೆಂದರೆ ಪೆಟ್ಟಿಗೆಯನ್ನು ಬಿಚ್ಚಿ ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು. ಸೋರಿದ್ದರೆ ಆ ಜಾಗವನ್ನು ವಿನೆಗರಿನಂಥ ಮೃದು ಆಮ್ಲದಿಂದ ಒರೆಸಿ ಕ್ಷಾರವನ್ನು ತಟಸ್ಥಗೊಳಿಸಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸುವುದು.

ಎರಡನೆಯದು ವಿದ್ಯುತ್ ಸರಬರಾಜು ಘಟಕ. ಬಿಬಿಸಿ ಮೈಕ್ರೊದಂಥ ಯಂತ್ರಗಳಲ್ಲಿ ವಿದ್ಯುತ್ತಿನ ಗದ್ದಲವನ್ನು ಸೋಸುವುದಕ್ಕೆ ಇರುವ ಕಾಗದದ ಕೆಪಾಸಿಟರುಗಳ ಹೊರಕವಚ ವರ್ಷಗಳ ನಂತರ ಬಿರುಕು ಬಿಡುತ್ತದೆ. ಆ ಬಿರುಕಿನ ಮೂಲಕ ತೇವ ಒಳಸೇರಿದರೆ, ಸ್ವಿಚ್ ಹಾಕಿದ ಕೆಲವೇ ನಿಮಿಷಗಳಲ್ಲಿ ಅದು ದಟ್ಟ ಹೊಗೆಯೊಂದಿಗೆ ಒಡೆಯುತ್ತದೆ. ದಶಕಗಳಿಂದ ನಿಂತ ಯಂತ್ರವನ್ನು ಕುತೂಹಲದಿಂದ ಒಮ್ಮೆಲೇ ಪ್ಲಗ್ಗಿಗೆ ಸಿಕ್ಕಿಸುವುದು ಇದೇ ಕಾರಣಕ್ಕೆ ಅಪಾಯಕರ. ಈ ಘಟಕವನ್ನು ಬೇರ್ಪಡಿಸಿ ಪರೀಕ್ಷಿಸಿ, ಶಂಕೆಯ ಕೆಪಾಸಿಟರುಗಳನ್ನು ಬದಲಿಸಿದ ಮೇಲಷ್ಟೇ ಮದರ್‌ಬೋರ್ಡಿಗೆ ವಿದ್ಯುತ್ ಕೊಡಬೇಕು. ಗಾಜಿನ ಪರದೆಯ ಹಳೆಯ ಮಾನಿಟರುಗಳ ಒಳಗೆ ಸಾವಿರಾರು ವೋಲ್ಟುಗಳ ವಿದ್ಯುತ್ ಇರುತ್ತದೆಯಾದ್ದರಿಂದ, ಮತ್ತು ಸ್ವಿಚ್ ಆರಿಸಿದ ಬಳಿಕವೂ ಅದು ಉಳಿದಿರಬಹುದಾದ್ದರಿಂದ, ಅವುಗಳನ್ನು ಬಿಚ್ಚುವ ಕೆಲಸವನ್ನು ಹಳೆಯ ಟಿ.ವಿ. ರಿಪೇರಿ ಬಲ್ಲವರಿಗೆ ಬಿಡುವುದೇ ಕ್ಷೇಮ.

ಹೊರಗಿನ ಶತ್ರುಗಳಲ್ಲಿ ಮುಂಗಾರಿಗೆ ಮುನ್ನ ಮತ್ತು ತುಲಾ ಮಾಸದಲ್ಲಿ ಬೀಳುವ ಸಿಡಿಲು ಪ್ರಧಾನವಾದದ್ದು. ಸಂಗ್ರಹದ ಯಂತ್ರವನ್ನು ಬಳಕೆ ಮುಗಿದೊಡನೆ ಪ್ಲಗ್ಗಿನಿಂದ ಕಿತ್ತಿಡುವುದಕ್ಕಿಂತ ಉತ್ತಮ ರಕ್ಷಣೆ ಇಲ್ಲ. ರಟ್ಟಿನ ಪೆಟ್ಟಿಗೆ ಮತ್ತು ಕೈಪಿಡಿಗಳಿಗೆ ಒರಲೆ ಹತ್ತುತ್ತದೆ, ಕೇಬಲ್ಲುಗಳನ್ನು ಇಲಿ ಕಡಿಯುತ್ತದೆ. ಹೆಂಚಿನ ಮಾಡಿನಡಿಯ ಅಟ್ಟವು ಬೇಸಿಗೆಯಲ್ಲಿ ಕಾದು ಮಳೆಗಾಲದಲ್ಲಿ ನೆನೆಯುವುದರಿಂದ ಯಂತ್ರಗಳಿಗೆ ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಮತ್ತೊಂದಿಲ್ಲ. ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದ ಕಬ್ಬಿಣದ ಕಪಾಟು, ಫ್ಲಾಪಿಗಳಿಗೆ ಬಿಗಿ ಮುಚ್ಚಳದ ಡಬ್ಬ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್‌ನ ಪೊಟ್ಟಣ, ಆ ಪೊಟ್ಟಣವನ್ನು ಆಗಾಗ ಬಿಸಿಮಾಡಿ ಮತ್ತೆ ಒಣಗಿಸುವ ಕ್ರಮ: ಇಷ್ಟು ಏರ್ಪಾಡು ದುಬಾರಿ ಹವಾನಿಯಂತ್ರಣವಿಲ್ಲದೆಯೂ ಬಹುಪಾಲು ಕೆಲಸವನ್ನು ಮಾಡುತ್ತದೆ. ಪ್ಲಾಸ್ಟಿಕ್ ಹೊರಕವಚ ಹಳದಿಗಟ್ಟುವುದು, ಬೆಂಕಿ ತಡೆಯಲೆಂದು ಅದರಲ್ಲಿ ಬೆರೆಸಿದ ಬ್ರೋಮಿನ್ ಸಂಯುಕ್ತಗಳೂ ಬಿಸಿಲಿನ ಅತಿನೇರಳೆ ಕಿರಣವೂ ಸೇರಿ ಆಗುವ ಬದಲಾವಣೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಅದನ್ನು ಬಿಳಿಮಾಡುವ ರೂಢಿ ಇದ್ದರೂ, ಕವಚ ಪೆಡಸಾಗುವ ಶಂಕೆ ಇರುವುದರಿಂದ ಬಣ್ಣವನ್ನು ಹಾಗೆಯೇ ಬಿಡುವುದು ಲೇಸು.

ತಟ್ಟೆಯಿಂದ ಪಠ್ಯಕ್ಕೆ

ಯಂತ್ರಕ್ಕಿಂತ ಬೇಗ ಅಳಿಯುವುದು ಫ್ಲಾಪಿ. ತೆಳುವಾದ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ ಹಚ್ಚಿ, ಆ ಲೇಪದ ಕಾಂತೀಯ ಗುರುತುಗಳಾಗಿ ಮಾಹಿತಿಯನ್ನು ಬರೆಯುವ ಸಾಧನ ಇದು. ಐದೂ ಕಾಲು ಇಂಚಿನ ಸಾಮಾನ್ಯ ಫ್ಲಾಪಿಗೆ 360 ಕಿಲೊಬೈಟ್, ಅದರ ಮುಂದಿನ ರೂಪಕ್ಕೆ 1.2 ಮೆಗಾಬೈಟ್, ಗಟ್ಟಿ ಕವಚದ ಮೂರೂವರೆ ಇಂಚಿನದಕ್ಕೆ 1.44 ಮೆಗಾಬೈಟ್ ಸಾಮರ್ಥ್ಯ. ಇಂದಿನ ಮೊಬೈಲಿನ ಒಂದು ಚಿತ್ರವೂ ಹಿಡಿಸದ ಆ ಅಳತೆಯಲ್ಲಿ ಅಕ್ಷರಮಾತ್ರದ ಒಂದು ಪುಸ್ತಕ ಸುಖವಾಗಿ ಕೂರುತ್ತಿತ್ತು. ಕರಾವಳಿಯ ತೇವದಲ್ಲಿ ಈ ಲೇಪದ ಮೇಲೆ ಬೂಸು ಬೆಳೆಯುತ್ತದೆ. ಬೂಸು ಹಿಡಿದ ತಟ್ಟೆಯನ್ನು ಹಾಗೆಯೇ ಡ್ರೈವಿಗೆ ಹಾಕಿದರೆ ಅದನ್ನು ಓದುವ ಶಿರವು ಲೇಪವನ್ನೇ ಕೆರೆದು ಹಾಕುತ್ತದೆ, ಮುಂದಿನ ತಟ್ಟೆಗೂ ಕೊಳೆಯನ್ನು ದಾಟಿಸುತ್ತದೆ. ಆದ್ದರಿಂದ ತಟ್ಟೆಯನ್ನು ಮೊದಲು ಆಲ್ಕೋಹಾಲಿನಿಂದ ಮೆಲ್ಲನೆ ಒರೆಸಿ ಒಣಗಿಸಿ, ಶಿರವನ್ನೂ ಪ್ರತಿ ಬಾರಿ ಶುಚಿಮಾಡಿ ಓದಬೇಕು.

ಓದುವ ಕ್ರಮದಲ್ಲಿಯೂ ಈಚೆಗೆ ಸುಧಾರಣೆಯಾಗಿದೆ. ಕ್ರಯೊಫ್ಲಕ್ಸ್, ಗ್ರೀಸ್‌ವೀಸಲ್ ಎಂಬ ಸಣ್ಣ ಸಲಕರಣೆಗಳು ಹಳೆಯ ಡ್ರೈವನ್ನು ಇಂದಿನ ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಜೋಡಿಸಿ, ತಟ್ಟೆಯ ಮೇಲಿನ ಕಡತಗಳನ್ನಷ್ಟೇ ಅಲ್ಲದೆ ಕಾಂತೀಯ ಗುರುತುಗಳ ಏರಿಳಿತವನ್ನೇ ಪೂರ್ತಿಯಾಗಿ ದಾಖಲಿಸಿಕೊಳ್ಳುತ್ತವೆ. ಹೀಗೆ ಪಡೆದ ಸಮಗ್ರ ಪ್ರತಿಗೆ ಡಿಸ್ಕ್ ಇಮೇಜ್ ಎಂದು ಹೆಸರು. ತಟ್ಟೆ ಮುಂದೆ ಅಳಿದರೂ, ಸಾಮಾನ್ಯ ನಕಲಿನಲ್ಲಿ ಕೈಬಿಡುವ ದೋಷಪೂರ್ಣ ಭಾಗಗಳನ್ನೂ ಈ ಪ್ರತಿಯಿಂದ ನಿಧಾನವಾಗಿ ಬಿಡಿಸಿ ಓದಬಹುದು. ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರು, ಎಂದರೆ ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಯಂತ್ರದೊಳಗೆ ತಂತ್ರಾಂಶದಿಂದಲೇ ಅನುಕರಿಸುವ ಏರ್ಪಾಡು, ಆ ಪ್ರತಿಯೊಳಗಿನ ಹಳೆಯ ತಂತ್ರಾಂಶವನ್ನು ನಡೆಸಬಲ್ಲದು.

ಎಮ್ಯುಲೇಟರಿನ ಮಿತಿಯೂ ಕನ್ನಡದ ಸಂದರ್ಭದಲ್ಲಿಯೇ ಎದ್ದು ತೋರುತ್ತದೆ. ಜಿಸ್ಟ್‌ನಂಥ ಕಾರ್ಡನ್ನು ಅವಲಂಬಿಸಿದ ತಂತ್ರಾಂಶವು ಆ ಕಾರ್ಡಿಲ್ಲದೆ ಕನ್ನಡವನ್ನು ತೋರಿಸಲಾರದು. ಪ್ರಿಂಟರಿನ ಕಿಂಡಿಗೆ ಸಿಕ್ಕಿಸುವ ಬೀಗವನ್ನು, ಎಂದರೆ ಕಳ್ಳ ನಕಲನ್ನು ತಡೆಯುವ ಸಣ್ಣ ಸಾಧನವನ್ನು, ಬೇಡುವ ತಂತ್ರಾಂಶ ಅದಿಲ್ಲದೆ ಆರಂಭವೇ ಆಗದು. ಪರಿವರ್ತಕ ತಂತ್ರಾಂಶಗಳು ಇಸ್ಕಿಯ ಪಠ್ಯವನ್ನು ಮತ್ತು ನುಡಿ, ಬರಹಗಳಂಥ ಪ್ರಸಿದ್ಧ ಫಾಂಟುಗಳ ಪಠ್ಯವನ್ನು ಯೂನಿಕೋಡಿಗೆ ತರುತ್ತವೆ. ಬಳಕೆಯಿಂದ ಮರೆಯಾದ ಫಾಂಟಿನ ಪಠ್ಯವಾದರೋ, ಆ ಫಾಂಟನ್ನು ಹೊತ್ತ ಯಂತ್ರ ಎಲ್ಲಾದರೂ ಒಂದು ಕಡೆ ಉಳಿದಿದ್ದರೆ ಮಾತ್ರ ಓದಿಗೆ ಸಿಗುತ್ತದೆ. ಹೀಗಾಗಿ ಯಂತ್ರ, ಕಾರ್ಡು, ಫಾಂಟು, ಫ್ಲಾಪಿ ಇವುಗಳನ್ನು ಬೇರೆಬೇರೆ ಮಾಡದೆ ಒಂದೇ ಗುಂಪಾಗಿ ಉಳಿಸುವುದು ಕನ್ನಡದ ಸಂಗ್ರಾಹಕನಿಗೆ ಅನಿವಾರ್ಯ ನಿಯಮ.

ಮೂಡುಬಿದಿರೆಯ ಪೂರ್ವನಿದರ್ಶನ

ಉಳಿಸುವುದು ಮತ್ತು ಓದಿಸುವುದು ಒಂದೇ ಅಲ್ಲ ಎಂಬುದಕ್ಕೆ ಬೆಳುವಾಯಿಗೆ ಕೆಲವೇ ಕಿಲೋಮೀಟರ್ ದೂರದ ಮೂಡುಬಿದಿರೆಯಲ್ಲಿ ದೊಡ್ಡ ನಿದರ್ಶನವಿದೆ. ದಿಗಂಬರ ಜೈನರ ಮೂಲ ಸಿದ್ಧಾಂತಗ್ರಂಥವಾದ ಷಟ್‌ಖಂಡಾಗಮವೂ ವೀರಸೇನಾಚಾರ್ಯರು ಅದಕ್ಕೆ ಬರೆದ ಧವಲಾ ಟೀಕೆಯೂ ಉಳಿದು ಬಂದದ್ದು ಅಲ್ಲಿಯ ಸಿದ್ಧಾಂತ ಬಸದಿಯ ತಾಡಪತ್ರಗಳಲ್ಲಿ. ಗ್ರಂಥದ ಭಾಷೆ ಪ್ರಾಕೃತ, ಲಿಪಿ ಹಳೆಯ ಕನ್ನಡ. ಶತಮಾನಗಳ ಕಾಲ ಅದು ಯಾತ್ರಿಕರಿಗೆ ದರ್ಶನದ ವಸ್ತುವಾಗಿತ್ತು. ಲಿಪಿಯನ್ನು ಬಲ್ಲವರೂ ಭಾಷೆಯನ್ನು ಬಲ್ಲವರೂ ಒಂದೆಡೆ ಸೇರುವುದು ವಿರಳವಾದ್ದರಿಂದ ಅದನ್ನು ಓದಿದವರು ಕಡಿಮೆ. 19ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತಿಲೇಖನ ಕಾರ್ಯ ಮುಂದಿನ ಶತಮಾನದ ಮೊದಲ ದಶಕಗಳವರೆಗೆ ನಡೆದು, ಹಿರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ ಧವಲಾ ಸಂಪುಟಗಳು ಅಚ್ಚಾಗತೊಡಗಿದ ಮೇಲೆ ಆ ಗ್ರಂಥ ವಿದ್ವತ್ ಲೋಕದ್ದಾಯಿತು. ಅದೇ ನೆಲದಲ್ಲಿ ಕೆ. ಭುಜಬಲಿ ಶಾಸ್ತ್ರಿಗಳು ಈ ಪ್ರಾಂತದ ಭಂಡಾರಗಳ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದರು. ಯಾವ ಭಂಡಾರದಲ್ಲಿ ಯಾವ ಗ್ರಂಥವಿದೆ ಎಂಬುದು ಆ ಶ್ರಮದಿಂದ ಹೊರಗಿನವರಿಗೆ ತಿಳಿಯಿತು.

ಕಂಪ್ಯೂಟರಿನ ಸಂರಕ್ಷಣೆಗೆ ಬೇಕಾದ ಮೂರು ಅಂಗಗಳೂ ಈ ನಿದರ್ಶನದಲ್ಲಿವೆ: ಮೂಲವನ್ನು ಅಳಿಯದಂತೆ ಇಡುವ ಭಂಡಾರ, ಲಿಪಿಯನ್ನು ಬಲ್ಲವರಿಂದ ಪ್ರತಿ, ಸಾರ್ವಜನಿಕವಾದ ಸೂಚಿ. ಇವುಗಳಲ್ಲಿ ಮೊದಲನೆಯದಕ್ಕೆ ಈ ಭಾಗದಲ್ಲಿ ಇಂದಿಗೂ ನೆಲೆಗಳಿವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವು ಹಸ್ತಪ್ರತಿ, ನಾಣ್ಯಗಳ ಜೊತೆಗೆ ಕ್ಯಾಮೆರಾಗಳನ್ನೂ ಸಂಗ್ರಹಿಸಿದೆ. ಅಲ್ಲಿಯೇ ಹಳೆಯ ಕಾರುಗಳಿಗೆ ಪ್ರತ್ಯೇಕ ಸಂಗ್ರಹವಿದೆ. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯವು ಬೇಸಾಯ ಮತ್ತು ಅಡುಗೆಮನೆಯ ಸಾಮಾನ್ಯ ಸಾಧನಗಳಿಗೆ ಚರಿತ್ರೆಯ ಗೌರವವನ್ನು ಕೊಟ್ಟಿದೆ. ನಿತ್ಯದ ಉಪಕರಣವೂ ದಾಖಲೆಯೇ ಎಂಬ ತಿಳಿವಳಿಕೆ ಇರುವ ನಾಡಿನಲ್ಲಿ ಡಿಟಿಪಿ ಕೇಂದ್ರದ ಕಂಪ್ಯೂಟರು ಆ ಸಾಲಿಗೆ ಸೇರುವುದು ಸಹಜವಾದ ಮುಂದುವರಿಕೆ.

ಗುಜರಿಗೆ ಹೋಗುವ ಮುನ್ನ

ಇದಕ್ಕೆ ಕಾಲಾವಕಾಶ ಕಡಿಮೆ. ಹಳೆಯ ಚಿಪ್‌ಗಳ ಮತ್ತು ಸಂಪರ್ಕಗಳ ಮೇಲಿನ ಚಿನ್ನದ ತೆಳು ಲೇಪಕ್ಕಾಗಿ ಗುಜರಿಯಲ್ಲಿ ಈ ಯಂತ್ರಗಳಿಗೆ ಬೇಡಿಕೆ ಇದೆ. 2011ರಲ್ಲಿ ಮೊದಲು ಬಂದು 2016 ಮತ್ತು 2022ರಲ್ಲಿ ಪರಿಷ್ಕೃತವಾದ ಇ-ತ್ಯಾಜ್ಯ ನಿಯಮಗಳು ಕಚೇರಿಗಳನ್ನು ಅಧಿಕೃತ ಮರುಬಳಕೆದಾರರಿಗೆ ಯಂತ್ರ ಒಪ್ಪಿಸುವಂತೆ ಮಾಡಿವೆ. ಸೀಸ, ಕ್ಯಾಡ್ಮಿಯಂಗಳು ಬಾವಿ, ತೋಡುಗಳನ್ನು ಸೇರದಂತೆ ತಡೆಯುವ ಈ ನಿಯಮಗಳು ಅಗತ್ಯವಾದವು. ಆದರೆ ಒಪ್ಪಿಸುವ ಮೊದಲು ಒಳಗೇನಿದೆ ಎಂದು ನೋಡುವ ಪದ್ಧತಿ ಇನ್ನೂ ಬೆಳೆದಿಲ್ಲ.

ಆ ಪದ್ಧತಿಯನ್ನು ಬೆಳೆಸಲು ಹೆಚ್ಚಿನ ಹಣ ಬೇಡ. ಮೂಡುಬಿದಿರೆಯ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿವೆ, ಅಲ್ಲಿ ಬೆಸುಗೆ ಹಾಕಬಲ್ಲ ವಿದ್ಯಾರ್ಥಿಗಳಿದ್ದಾರೆ; ಪೇಟೆಗಳಲ್ಲಿ ಡಾಸ್ ಕಾಲದ ಯಂತ್ರಗಳನ್ನು ರಿಪೇರಿ ಮಾಡಿದ ಕೈಗಳು ಇನ್ನೂ ಇವೆ; ಯಾವ ಕೀಲಿಗೆ ಯಾವ ಒತ್ತು ಎಂಬುದನ್ನು ಬೆರಳುಗಳಲ್ಲಿಯೇ ಬಲ್ಲ ಹಿರಿಯ ಅಕ್ಷರ ಜೋಡಣೆಕಾರರೂ ಇದ್ದಾರೆ. ಇವರನ್ನು ಒಂದೆಡೆ ಸೇರಿಸುವ ಒಂದು ಕೊಠಡಿ, ಎರಡು ಬಗೆಯ ಫ್ಲಾಪಿ ಡ್ರೈವು, ದುಡಿಯುವ ಸ್ಥಿತಿಯ ಒಂದು ಹಳೆಯ ಯಂತ್ರ ಮತ್ತು ಒಂದು ದಾಖಲೆ ಪುಸ್ತಕ ಇದ್ದರೆ ಕೆಲಸ ಆರಂಭವಾಗುತ್ತದೆ. ಯಂತ್ರದ ತಯಾರಕರು, ಮಾದರಿ, ಬಳಕೆಯಾದ ಜಾಗ, ಬಳಸಿದ ತಂತ್ರಾಂಶ ಮತ್ತು ಫಾಂಟು, ಮಾಡಿದ ರಿಪೇರಿ ಇವಿಷ್ಟನ್ನು ಪ್ರತಿ ಯಂತ್ರಕ್ಕೂ ಬರೆದಿಡಬೇಕು. ಬದಲಿಸಿದ ಭಾಗವನ್ನೂ ಎಸೆಯದೆ ಹೆಸರು ಬರೆದು ಜೊತೆಗಿಡಬೇಕು.

ಕಾನೂನಿನ ಎಚ್ಚರವೂ ಬೇಕು. ತಂತ್ರಾಂಶದ ಪ್ರತಿಯನ್ನು ನ್ಯಾಯಬದ್ಧವಾಗಿ ಹೊಂದಿದವರು ನಷ್ಟದಿಂದ ರಕ್ಷಣೆಗಾಗಿ ಮತ್ತೊಂದು ಪ್ರತಿ ಮಾಡಿಕೊಳ್ಳುವುದನ್ನು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಅನುಮತಿಸುತ್ತದೆ; ಆ ಪ್ರತಿಯನ್ನು ಹಂಚುವುದಕ್ಕೆ ಈ ಅನುಮತಿ ಅನ್ವಯಿಸದು. ಸಹಕಾರ ಸಂಘದ ಅಥವಾ ದವಾಖಾನೆಯ ತಟ್ಟೆಯಲ್ಲಿ ಜನರ ಸಾಲ, ಕಾಯಿಲೆಗಳ ವಿವರಗಳು ಇರಬಹುದಾದ್ದರಿಂದ, ಒಡೆಯರ ಒಪ್ಪಿಗೆ ಇಲ್ಲದೆ ಅಂಥದ್ದನ್ನು ತೆರೆಯದಿರುವುದು ಸಂಗ್ರಾಹಕನ ಶೀಲಕ್ಕೆ ಸೇರಿದ್ದು. ಲೇಖಕರ ಹಸ್ತಪ್ರತಿ, ಯಕ್ಷಗಾನ ಪ್ರಸಂಗದ ಜೋಡಣೆ, ಊರಿನ ಸ್ಮರಣಸಂಚಿಕೆ, ನಿಂತುಹೋದ ಪತ್ರಿಕೆಯ ಪುಟಗಳು ಮೊದಲು ಗಮನಕ್ಕೆ ಬರಬೇಕಾದವು. ಅಚ್ಚಾದ ಪ್ರತಿ ಕಳೆದುಹೋದಲ್ಲಿ ಪಠ್ಯದ ಏಕಮಾತ್ರ ಆಕರ ಆ ತಟ್ಟೆಯೇ ಆಗಿರಬಹುದು.

ಯಂತ್ರದ ಆಯುಷ್ಯವನ್ನು ರಿಪೇರಿಯಿಂದ ಇನ್ನೂ ಕೆಲವು ದಶಕ ಎಳೆಯಬಹುದು, ಫ್ಲಾಪಿಯ ಆಯುಷ್ಯವನ್ನು ಹಾಗೆ ಎಳೆಯಲಾಗದು. ಆದ್ದರಿಂದ ಈ ಸೀಮೆಯಲ್ಲಿ ಹಳೆಯ ಕಂಪ್ಯೂಟರುಗಳ ಸಂಗ್ರಹಕ್ಕೆ ತೊಡಗುವವರು ಅಪರೂಪದ ಮಾದರಿಯನ್ನು ಹುಡುಕುವುದಕ್ಕಿಂತ ಮೊದಲು ಕೈಗೆ ಸಿಕ್ಕ ಸಾಮಾನ್ಯ ಯಂತ್ರವೊಂದನ್ನು ದುಡಿಯುವ ಸ್ಥಿತಿಗೆ ತಂದು, ಅದರ ನೆರವಿನಿಂದ ನೆರೆಹೊರೆಯ ತಟ್ಟೆಗಳನ್ನು ಓದಿ, ಅವುಗಳ ಕನ್ನಡವನ್ನು ಯೂನಿಕೋಡಿಗೆ ದಾಟಿಸಬೇಕು. ಪ್ರದರ್ಶನದ ಕಪಾಟು ಆ ಕೆಲಸದ ನಂತರವೂ ತುಂಬಬಹುದು. ಇನ್ನೂ ಎಷ್ಟು ಮಳೆಗಾಲವನ್ನು ಆ ತಟ್ಟೆಗಳು ತಾಳಿಕೊಂಡಾವು ಎಂಬುದು ಯಾರ ಕೈಯಲ್ಲಿಯೂ ಇಲ್ಲ. ಮುಂದಿನ ಮಳೆಗೆ ಮೊದಲು ಅವುಗಳನ್ನು ಓದಿಸುವುದು ಮಾತ್ರ ಈ ತಲೆಮಾರಿನ ಕೈಯಲ್ಲಿದೆ.